ಅತ್ತೆ ಆಡದೆ ಬಿಟ್ಟ ಆಟ

ಇವತ್ತು ನಳದ ನೀರು ಬರುವ ದಿನ. ಬೆಳಕು ಹರಿಯುವ ಮೊದಲೇ ಎದ್ದು ಹಂಡೆ, ಕೊಡ, ಪಾತೇಲಿ ಎಲ್ಲ ತುಂಬಿಸಿಟ್ಟೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಚಾದರಗಳನ್ನು ಒಗೆದು ಮಾಳಿಗೆಯ ಮೇಲೆ ಒಣಹಾಕಿದೆ. ಮಧ್ಯಾಹ್ನ ಚಟ್ನಿಗೆಂದು ಶೇಂಗಾ ಸುಲಿಯುತ್ತ ಕೂತಾಗ ಕೈ ತಾನಾಗಿಯೇ ಕಾಯಿಗಳನ್ನು ಗುಂಪು ಮಾಡತೊಡಗಿತು. ಇದು ನಿನ್ನದು, ಇದು ನನ್ನದು, ಇದು ನಡುವೆ ಇಡುವುದು. ಹಾಗೆ ಮಾಡುತ್ತಿದ್ದವರು ನಮ್ಮ ಅತ್ತೆ ಗುರವ್ವ.

ಧಾರವಾಡದ ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಅವರೆದುರು ಇಸ್ಪೀಟು ಆಡಿ ಗೆದ್ದವರಿರಲಿಲ್ಲ. ವಿಭೂತಿ ಹಚ್ಚಿದ ಹಣೆ, ತಲೆ ತುಂಬ ಸೆರಗು, ಎದೆಯ ಮೇಲೆ ಲಿಂಗವಿಟ್ಟ ಬೆಳ್ಳಿಯ ಕರಡಿಗೆ. ಕಂಡವರು ಇವರೆಲ್ಲೋ ಪುರಾಣ ಕೇಳಲು ಹೊರಟಿದ್ದಾರೆ ಅಂದುಕೊಳ್ಳಬೇಕು, ಹಾಗಿದ್ದರು. ನಾಗರಪಂಚಮಿಯಿಂದ ದೀಪಾವಳಿಯವರೆಗೆ ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಓಣಿಯ ಹೆಣ್ಣುಮಕ್ಕಳು ನಮ್ಮ ಅಡುಗೆಮನೆಯಲ್ಲಿ ಸೇರುತ್ತಿದ್ದರು. ಆಡುತ್ತಿದ್ದುದು ಮೂರೆಲೆ. ಪಣ ಶೇಂಗಾ. ಕೈಗೆ ಬರುವುದು ಮೂರೇ ಎಲೆ. ಅವು ಕೆಟ್ಟಿದ್ದರೂ ಒಳ್ಳೆಯವಿದ್ದಂತೆ ಪಣ ಏರಿಸುತ್ತ ಹೋಗಬೇಕು, ಎದುರಿನವರು ಹೆದರಿ ತಮ್ಮ ಎಲೆ ಚೆಲ್ಲಬೇಕು. ಅತ್ತೆ ಎಲೆ ನೋಡಿದೊಡನೆ ಒಮ್ಮೆ ಕರಡಿಗೆಯನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಎಲೆ ಒಳ್ಳೆಯದಿದ್ದರೂ ಅಷ್ಟೇ, ಕೆಟ್ಟದ್ದಿದ್ದರೂ ಅಷ್ಟೇ. ಆ ಮುಖದಿಂದ ಯಾರೂ ಏನನ್ನೂ ತಿಳಿದವರಿಲ್ಲ. ಅವರು ಮಾತ್ರ ಎಲ್ಲರ ಮುಖವನ್ನೂ ಓದುತ್ತಿದ್ದರು. ಕಾಯಿಪಲ್ಲೆ ಮಾರುವವಳು ಇದೇ ಕಡೆಯ ದರ ಎಂದು ಬುಟ್ಟಿ ಹೊತ್ತು ಹೊರಟರೆ, ಎಷ್ಟು ಹೆಜ್ಜೆ ಹೋಗಿ ತಿರುಗುತ್ತಾಳೆಂದು ನನಗೆ ಮೊದಲೇ ಹೇಳಿ ಬಾಗಿಲಲ್ಲಿ ಸುಮ್ಮನೆ ನಿಂತಿರುತ್ತಿದ್ದರು.

ನಾನು ಮದುವೆಯಾಗಿ ಬಂದ ಮೊದಲ ಪಂಚಮಿಗೆ ನನ್ನನ್ನೂ ಆಟಕ್ಕೆ ಕೂರಿಸಿದರು. ಹೊಸ ಸೊಸೆ, ಅತ್ತೆಯನ್ನು ಗೆಲ್ಲುವುದು ಹೇಗೆಂದು ಒಳ್ಳೆಯ ಎಲೆಗಳನ್ನೇ ಚೆಲ್ಲಿ ಸೋತೆ. ಅವರು ನಾನು ಚೆಲ್ಲಿದ ಎಲೆಗಳನ್ನು ತಿರುಗಿಸಿ ನೋಡಿ ನನ್ನ ಕಡೆ ದೂಡಿದರು.

"ಶಾಂತಾ, ನನ್ ಮುಂದ ಸೋಲೂ ನಾಟಕ ಮಾಡಬ್ಯಾಡ. ರೊಟ್ಟಿ ಬಡಿಯಾಗ ಮರ್ಯಾದಿ ಕೊಡು, ಸಾಕು. ಎಲಿ ಹಿಡದಾಗ ಆಡು."

ಅಂಥವರು ತಮ್ಮ ಅಳಿಯನ ಎದುರು ಬರುತ್ತಿರಲಿಲ್ಲ. ನಮ್ಮ ಕಡೆಯ ಹಳೆಯ ಮಂದಿಯ ರೀತಿ ಅದು. ಅಳಿಯ ಕೂತ ಜಮಖಾನೆಯ ಮೇಲೆ ಅತ್ತೆ ಕೂರುವುದಿಲ್ಲ, ನೇರ ಮಾತಾಡುವುದಿಲ್ಲ. ಅಳಿಯ ಶೇಖರನಿಗೆ ಇನ್ನೊಂದು ಹೋಳಿಗೆ ಬೇಕೇನು ಎಂದು ಕೇಳುವುದಿದ್ದರೂ ಪರದೆಯ ಹಿಂದೆ ನಿಂತು ನನಗೆ ಹೇಳುವರು, ನಾನು ಕೇಳುವೆ. ಅವನು ಹುಬ್ಬಳ್ಳಿಯ ಹತ್ತಿ ವ್ಯಾಪಾರಸ್ಥರ ಮನೆಯ ಹುಡುಗ. ಕೆಟ್ಟವನಲ್ಲ. ನಗುತ್ತಿದ್ದ, ನಗಿಸುತ್ತಿದ್ದ, ಬರುವಾಗ ಬರಿಗೈಲಿ ಬಂದವನಲ್ಲ. ಆದರೆ ಎಲ್ಲದರಲ್ಲೂ ಗೆದ್ದು ರೂಢಿಯಾದವನು.

ನನ್ನ ನಾದಿನಿ ಸುಮಂಗಲೆಯನ್ನು ಅವನಿಗೆ ಕೊಟ್ಟ ಮೇಲಿನ ಎರಡನೆಯ ದೀಪಾವಳಿ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸುಮಿಗೆ ಬಿ.ಎಡ್. ಮಾಡಿ ಸಾಲಿ ಟೀಚರಾಗುವ ಆಸೆ ಚಿಕ್ಕಂದಿನಿಂದ. ಧಾರವಾಡದಲ್ಲೇ ಸೀಟು ಸಿಕ್ಕಿತ್ತು. ಹಬ್ಬ ಮುಗಿಯುವುದರೊಳಗೆ ಸೇರಬೇಕು, ಇಲ್ಲದಿದ್ದರೆ ಇನ್ನೊಬ್ಬರಿಗೆ ಹೋಗುತ್ತದೆ. ಶೇಖರ ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ.

ಪಾಡ್ಯದ ದಿನ ಊಟವಾದ ಮೇಲೆ ಪಡಸಾಲೆಯಲ್ಲಿ ಎಲೆ ಹಾಸಿದರು. ಶೇಖರ ಮೊದಲು ನಮ್ಮ ಮನೆಯವರನ್ನು, ಅಂದರೆ ಸುಮಿಯ ಅಣ್ಣನನ್ನು, ಸೋಲಿಸಿದ, ಆಮೇಲೆ ಪಕ್ಕದ ಮನೆಯವರನ್ನು. ಅತ್ತೆ ಪರದೆಯ ಸಂದಿಯಿಂದ ನೋಡುತ್ತಿದ್ದರು. ಚಹಾ ಸೋಸುತ್ತಿದ್ದ ನನಗೆ ಮೆಲ್ಲಗೆ ಹೇಳಿದರು, ಎಲೆ ಕೆಟ್ಟಿದ್ದಾಗ ಅಳಿಯ ಕೈಗಡಿಯಾರ ತಿರುಗಿಸುತ್ತಾನೆ, ಆ ದಡ್ಡರಿಗೆ ಅದೂ ಕಾಣವಲ್ಲದು ಎಂದು. ಅವರ ಬೆರಳುಗಳು ಆಡಲೆಂದು ತುಡಿಯುತ್ತಿದ್ದವು.

ಹೊರಗೆ ನಮ್ಮ ಮನೆಯವರು ಸಮಯ ನೋಡಿ ಸುಮಿಯ ಕಾಲೇಜಿನ ಮಾತು ತೆಗೆದರು. ಶೇಖರ ಎಲೆ ಕಲೆಸುತ್ತಲೇ ನಕ್ಕ.

"ಅತ್ತಿಯವ್ರು ಭಾರಿ ಆಡ್ತಾರಂತಲ್ರಿ. ಬರ್ಲಿ, ನಮ್ಮಿಬ್ಬರದ ಒಂದ ಆಟ ಆಗಿಬಿಡ್ಲಿ. ಅವ್ರು ಗೆದ್ರ ಸುಮಿ ಕಾಲೇಜಿಗಿ ಹೋಗ್ಲಿ. ನಾ ಗೆದ್ರ ಮತ್ತ ಈ ಮಾತು ಯಾರೂ ತಗೀಬಾರದು."

ಮೊದಲು ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಅವನು ಎಲೆ ಹಂಚಿಯೇ ಬಿಟ್ಟಿದ್ದ, ತನ್ನ ಮುಂದೆ ಮೂರು, ಎದುರಿನ ಖಾಲಿ ಜಾಗದಲ್ಲಿ ಮೂರು. ಮಾವ ತಿರುಗದ ಫ್ಯಾನನ್ನೇ ನೋಡುತ್ತ ಕೂತರು. ನಮ್ಮ ಮನೆಯವರು ತಟ್ಟೆಯಲ್ಲಿದ್ದ ಚೂಡಾದೊಳಗಿನ ಕರಿಬೇವು ಆರಿಸತೊಡಗಿದರು. ಪಕ್ಕದ ಮನೆಯವರ ಎದುರು ಮನೆಯ ಮಗಳನ್ನು ಜಮಖಾನೆಯ ಮೇಲೆ ಇಟ್ಟ ಹಾಗಾಗಿತ್ತು.

ಚಹಾ ಕೊಟ್ಟು ಒಳಗೆ ಬಂದ ಸುಮಿ ಅವ್ವನ ಮೊಳಕೈ ಹಿಡಿದಳು. ಅವಳ ಮುಖದಲ್ಲಿ ಅವಮಾನ ಕಾಣಲಿಲ್ಲ, ಆಸೆ ಕಂಡಿತು. ಅದನ್ನು ನೋಡುವುದು ಇನ್ನೂ ಕಷ್ಟವಾಗಿತ್ತು.

"ಯವ್ವಾ, ಹೋಗಿ ಕುಂಡ್ರು. ನೀ ಸೋಲಂಗಿಲ್ಲ."

ಅತ್ತೆ ಕೈ ತೊಳೆದರು. ಒರೆಸಿಕೊಂಡರು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು. ಇಣುಕಿ ಆ ಮೂರು ಎಲೆಗಳನ್ನು ನೋಡಿದರು. ನನ್ನ ಮುಖ ನೋಡಿದರು. ಆಡಿದರೆ ಅವರು ಗೆಲ್ಲುತ್ತಾರೆ ಎಂದು ನನಗೆ ಗೊತ್ತಿತ್ತು. ಗೆದ್ದರೆ ಅವನು ಮಾತಿಗೆ ನಿಲ್ಲುತ್ತಾನೆಂದೂ ಅನಿಸಿತ್ತು, ಪಕ್ಕದ ಮನೆಯವರು ಸಾಕ್ಷಿಯಿದ್ದರಲ್ಲ. ಅತ್ತೆ ಪರದೆ ಸರಿಸಿ ಹೊಸ್ತಿಲವರೆಗೆ ಹೋದರು. ಇನ್ನೇನು ಆಡಲು ಕೂತರು ಎಂದೇ ನಾನು ತಿಳಿದೆ. ಅಲ್ಲೇ ನಿಂತು, ಸೆರಗನ್ನು ಹಣೆಗೆ ಎಳೆದುಕೊಂಡು, ಮೊದಲ ಸಲ ಅಳಿಯನ ಜೊತೆ ನೇರ ಮಾತಾಡಿದರು.

"ಶೇಂಗಾ ಇಟ್ಟು ಆಡತೇನ್ರಿ, ಅಳಿಯಂದ್ರ. ಮಗಳನ್ನ ಇಟ್ಟು ಆಡಂಗಿಲ್ರಿ."

"ಹಂಗಾರ ಸೋತ್ರಿ ಅಂತಾತು."

"ಆತ್ರಿ."

ಶೇಖರ ಗಟ್ಟಿಯಾಗಿ ನಕ್ಕ. ಬರೀ ಚ್ಯಾಷ್ಟಿಗೆ ಅಂದದ್ದು, ಇಷ್ಟು ಮನಸ್ಸಿಗೆ ಹಚ್ಚಿಕೊಂಡರೆ ಹೇಗೆ ಎಂದ. ಪಕ್ಕದ ಮನೆಯವರು ಗುರವ್ವನ ಮಾತೆಂದರೆ ಮಾತು ಎಂದು ಹೊಗಳಿ ಎದ್ದರು. ಓಣಿಯಲ್ಲಿ ಆ ಮಾತು ಬಹಳ ದಿನ ಓಡಾಡಿತು. ಆದರೆ ಚೇಷ್ಟೆಗೆ ಅಂದವನು ಕಾಲೇಜಿನ ಮಾತನ್ನು ಮತ್ತೆ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಆಡದ ಆಟದ ಸೋಲು ನಮ್ಮೆಲ್ಲರ ಮೇಲೆ ಖಾಯಂ ಆಯಿತು. ಸೀಟು ಇನ್ನೊಬ್ಬರ ಪಾಲಾಯಿತು. ಮಾರನೆಯ ದಿನ ಹುಬ್ಬಳ್ಳಿಗೆ ಹೊರಟಾಗ ಸುಮಿ ಅವ್ವನಿಗೆ ಬಗ್ಗಿ ನಮಸ್ಕಾರ ಮಾಡಿ, ಏಳುವಾಗ ಮೆಲ್ಲಗೆ, "ನಿನ್ನ ಮರ್ಯಾದಿ ಉಳೀತಲ್ಲ, ಯವ್ವಾ," ಅಂದಳು.

ಅತ್ತೆ ಆಮೇಲೆ ಎಲೆ ಮುಟ್ಟಲಿಲ್ಲ. ಪಂಚಮಿಗೆ ಹೆಣ್ಣುಮಕ್ಕಳು ಬಂದರೆ ಕಣ್ಣು ಕಾಣುವುದಿಲ್ಲ ಎಂದು ಕಳಿಸುವರು. ಅದೇ ಸಂಜೆ ಸೂಜಿಗೆ ದಾರ ಪೋಣಿಸುತ್ತ ಕೂತಿರುವರು. ಯಾರಾದರೂ ಆ ಪಾಡ್ಯದ ಮಾತನ್ನು ಹೊಗಳಿದರೆ ಎದ್ದು ಒಳಗೆ ಹೋಗುವರು. ಅದು ವಿನಯ ಎಂದು ಹೊಗಳಿದವರು ತಿಳಿದರು. ನಾನೂ ಬಹಳ ದಿನ ಹಾಗೇ ತಿಳಿದಿದ್ದೆ.

ಅವರು ಹಾಸಿಗೆ ಹಿಡಿದಾಗ ಸುಮಿ ಬಂದು ಒಂದೆರಡು ವಾರ ಇದ್ದಳು. ಅವಳ ಮಕ್ಕಳು ಆಗಲೇ ಸಾಲಿಗೆ ಹೋಗುತ್ತಿದ್ದವು. ಒಂದು ದಿನ ಮಧ್ಯಾಹ್ನ ಅವ್ವನ ತಲೆ ಬಾಚುತ್ತಿದ್ದಳು. ನಾನು ಪಕ್ಕದಲ್ಲಿ ಮೆಂತ್ಯದ ಸೊಪ್ಪು ಸೋಸುತ್ತಿದ್ದೆ. ಅತ್ತೆ ಗೋಡೆಯ ಕಡೆ ಮುಖ ಮಾಡಿಯೇ ಶುರುಮಾಡಿದರು.

"ಸುಮಿ, ಅವತ್ತ ನಾ ಅಂದ ಮಾತು ಖರೇ ಅಲ್ಲ."

"ಯಾವ ಮಾತು?"

"ಮಗಳನ್ನ ಇಟ್ಟು ಆಡಂಗಿಲ್ಲ ಅಂದೆನಲ್ಲ. ಹೊಸ್ತಿಲಕ್ಕ ಬರೂತನ ಆ ವಿಚಾರ ನನ್ ತಲ್ಯಾಗ ಇರಲಿಲ್ಲ. ಅಳಿಯನ ಮುಂದ ಎಲಿ ಹಿಡದು ಕುಂತ್ರ ಮಂದಿ ಏನಂದಾರು ಅಂತ ಕಾಲು ನಿಂತುವು. ನಿಂತ ಮ್ಯಾಲ ಏನರ ಹೇಳಬೇಕಲ್ಲ, ಆ ಮಾತು ಬಂತು. ಛಲೋ ಬಂತು. ಅದರಿಂದ ನಾ ಪಾರಾದೆ, ನೀ ಆಗಲಿಲ್ಲ."

ಹೋಗಲಿ ಬಿಡು ಎಂದು ಸುಮಿ ಅನ್ನುತ್ತಾಳೆಂದು ನಾನು ಕಾದೆ. ಅವಳು ಅನ್ನಲಿಲ್ಲ. ಬಾಚುತ್ತಲೇ ಇದ್ದಳು, ಸಿಕ್ಕು ಬಿಡಿಸಿ, ಎಣ್ಣೆ ಹಚ್ಚಿ, ಬೆಳ್ಳಗಿನ ಆ ಸಣ್ಣ ಕೂದಲನ್ನು ತುರುಬು ಕಟ್ಟಿದಳು. ಅತ್ತೆ ಸತ್ತದ್ದು ಅದೇ ತಿಂಗಳ ಕೊನೆಗೆ, ಸುಮಿ ಹುಬ್ಬಳ್ಳಿಗೆ ಮರಳಿದ ಮೇಲೆ. ಅವರಿಬ್ಬರೂ ಆ ಮಾತನ್ನು ಮತ್ತೆ ಆಡಿದ್ದನ್ನು ನಾನು ಕೇಳಿಲ್ಲ.

ತಲೆ ಬಾಚಿದ ಆ ಮಧ್ಯಾಹ್ನ ಜೋಳದ ನುಚ್ಚು, ಮಜ್ಜಿಗೆ ಮಾಡಿದ್ದೆ. ಸುಮಿ ಚಮಚದಿಂದ ಉಣಿಸಿದಳು, ಅತ್ತೆ ಅರ್ಧ ಬಟ್ಟಲು ಉಂಡರು. ನಾವಿಬ್ಬರೂ ರೊಟ್ಟಿ, ಮೆಂತ್ಯದ ಪಲ್ಯ ಉಂಡು ಅವರ ಹಾಸಿಗೆಯ ಪಕ್ಕ ಚಾಪೆ ಹಾಸಿದೆವು. ಮೊದಲು ನಿದ್ದೆ ಹೋದವಳು ಸುಮಿ, ಅವ್ವನಿಗೆ ಬೆನ್ನು ತಿರುಗಿಸಿ. ಆಮೇಲೆ ನಾನು. ಕಣ್ಣು ಮುಚ್ಚುವಾಗ ಅತ್ತೆ ಮಂಚದಿಂದ ಕೈ ಇಳಿಬಿಟ್ಟು, ಅವಳ ಬೆನ್ನಿಗೆ ತಾಕಿಸಲೋ ಬೇಡವೋ ಎಂಬಂತೆ ಹಾಗೇ ಹಿಡಿದಿದ್ದರು.