ದೊಡ್ಡಮ್ಮನ ಸೂಜಿಹುಲ್ಲು

ಕಾರ್ತಿಕದ ಸಂಜೆಗಳಲ್ಲಿ ದನ ಹೊಡೆದುಕೊಂಡು ಬರುವಾಗ ದೊಡ್ಡಮ್ಮನ ಸೀರೆಯ ಅಂಚು ಕಾಣುತ್ತಿರಲಿಲ್ಲ. ಮೊಣಕಾಲಿನವರೆಗೂ ಸೂಜಿಹುಲ್ಲಿನ ಬೀಜ ಚುಚ್ಚಿಕೊಂಡು, ಸೀರೆಗೇ ಕಂದು ರೋಮ ಬೆಳೆದಂತಿರುತ್ತಿತ್ತು. ಜಗಲಿಯ ಮೇಲೆ ಕಾಲು ನೀಡಿ ಕೂತು ಒಂದೊಂದನ್ನೇ ಕೀಳುವಳು. ಪಕ್ಕದಲ್ಲಿ ಕೂತು ನಾನೂ ಕೀಳುತ್ತಿದ್ದೆ, ಮಾತಿಲ್ಲದೆ.

ಅಮ್ಮ ತೀರಿಕೊಂಡ ಮೇಲೆ ನನ್ನನ್ನು ನರಸೀಪುರದಿಂದ ಕವಲಂದೆಗೆ ಕರೆತಂದವಳು ಅಮ್ಮನ ಈ ಅಕ್ಕ. ಆಗ ನನಗೆ ಮಾತು ನಿಂತುಹೋಗಿತ್ತು. ಹರಕೆ ಹೊತ್ತುಕೋ ಎಂದರು ಕೆಲವರು, ಡಾಕ್ಟರಿಗೆ ತೋರಿಸು ಎಂದರು ಕೆಲವರು. ಅವಳು ಎರಡನ್ನೂ ಮಾಡಿದಳು. ನನ್ನನ್ನು ಮಾತ್ರ ಮಾತಾಡು ಎಂದು ಒಮ್ಮೆಯೂ ಕಾಡಲಿಲ್ಲ.

ಒಂದು ಸಂಜೆ ಅಂಗೈಗೆ ನೀರು ಚಿಮುಕಿಸಿಕೊಂಡು ಒಂದು ಬೀಜ ಇಟ್ಟಳು. ಅದರ ಹಿಂದಿನ ಉದ್ದನೆಯ ಎಳೆ ಹುರಿಯಂತೆ ಸುತ್ತಿಕೊಂಡಿತ್ತು. ನೆನೆಯುತ್ತ ನೆನೆಯುತ್ತ ಆ ಹುರಿ ಮೆಲ್ಲಗೆ ಬಿಚ್ಚಿಕೊಂಡಿತು. ನಿದ್ದೆಯಲ್ಲಿ ಮಗ್ಗುಲಾಗುವ ಮಗುವಿನಂತೆ ಬೀಜ ತಿರುಗಿತು.

“ಜೀವ ಐತಾ ದೊಡ್ಡವ್ವ?” ನನ್ನ ದನಿ ನನಗೇ ಯಾರದೋ ಅನ್ನಿಸಿತು.

ಅವಳು ಬೆಚ್ಚಲಿಲ್ಲ, ನನ್ನತ್ತ ತಿರುಗಲೂ ಇಲ್ಲ. “ಐತೆ ಕಣವ್ವ. ಮಳೆ ಉಯ್ದಾಗ ಇಂಗೇ ತಿರುಗ್ಕಂಡು ಮಣ್ಣೊಳಿಕ್ಕೆ ಓಯ್ತದೆ. ಅಲ್ಲೀಗಂಟ ಸುಮ್ನೆ ಬಿದ್ದಿರ್ತದೆ.” ಆಮೇಲೆ ಎದ್ದು ಕೊಟ್ಟಿಗೆಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು.

ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಊರ ಹಿಂದಿನ ಗೋಮಾಳದ ಮಣ್ಣನ್ನು ಯಾರೋ ಜೆಸಿಬಿ ತಂದು ಬಗೆದು ಸಾಗಿಸಿದರು. ಉಳಿದದ್ದು ಒಂದು ದೊಡ್ಡ ಕೆಂಪು ಗುಂಡಿ. ಮೇವಿಲ್ಲದೆ ಅಕ್ಕಪಕ್ಕದವರೆಲ್ಲ ದನ ಮಾರಿದರು. ದೊಡ್ಡಮ್ಮ ಮಾರಲಿಲ್ಲ. ದೂರದ ಬಯಲಲ್ಲಿ ಮೇಯಿಸಿಕೊಂಡು ಬಂದು, ಹುಲ್ಲು ಬಲಿತ ಕಾಲದಲ್ಲಿ ಆ ಗುಂಡಿಯೊಳಗೇ ಕೂತು ಸೀರೆಯ ಬೀಜ ಕೀಳತೊಡಗಿದಳು. ದನಗಳ ಮೈಗೆ ಹತ್ತಿದ್ದನ್ನೂ ಸವರಿ ಉದುರಿಸುವಳು. ಪೊರಕೆಹುಲ್ಲಿನ ಹಗುರ ಬೀಜ ಗಾಳಿಗೆ ತಾನೇ ಬರುತ್ತದೆ, ಇದನ್ನು ಯಾರಾದರೂ ಹೊತ್ತು ತರಬೇಕು ಎನ್ನುತ್ತಿದ್ದಳು. ಕಲ್ಲಿನ ಮೇಲೆ ಹುಲ್ಲು ಬೆಳೆಯುತ್ತಾಳಂತೆ ಎಂದು ದೊಡ್ಡಪ್ಪ ನಗುತ್ತಿದ್ದರೇ ಹೊರತು ಆ ಕಡೆ ಹೋದವರಲ್ಲ. ವರ್ಷಗಳು ಹೋದವು. ನಾನು ಓದಿ ನಂಜನಗೂಡಿನಲ್ಲಿ ಟೀಚರಾದೆ.

ಹೋದ ವರ್ಷ, ಮಳೆಗಾಲದಲ್ಲಿ, ದೊಡ್ಡಮ್ಮ ನಿದ್ದೆಯಲ್ಲೇ ಹೋಗಿಬಿಟ್ಟಳು. ಮಣ್ಣು ಮಾಡಿ ಬಂದ ಮಾರನೆಯ ಬೆಳಗ್ಗೆ ದೊಡ್ಡಪ್ಪ ದನಗಳ ಹಗ್ಗ ಬಿಚ್ಚಿದರು. ಎತ್ತ ಹೊಡೆಯಬೇಕೆಂದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ದನಗಳೇ ಮುಂದಾಗಿ ಹೋಗಿ ಗುಂಡಿಗೆ ಇಳಿದವು. ತೆಳ್ಳನೆಯ ಮಂಜಿನಲ್ಲಿ ಅದರ ತುಂಬ ಎಳೆಹುಲ್ಲು ಅಲ್ಲಾಡುತ್ತಿತ್ತು. ದನಗಳ ಕಾಲೇ ಕಾಣುತ್ತಿರಲಿಲ್ಲ.

ಮಣ್ಣು ಮಾಡುವಾಗಲೂ ಅಳದಿದ್ದ ದೊಡ್ಡಪ್ಪ ಅಂಚಿನಲ್ಲಿ ಕುಸಿದು ಕೂತು ಅತ್ತರು. ಸ್ವಲ್ಪ ಹೊತ್ತು ಬಿಟ್ಟು, ಮನೆಗೆ ಹೋಗೋಣ ಎಂದೆ.

“ಕುಂತ್ಕ ಮಗ,” ಎಂದರು. “ಅವು ಒಟ್ಟೆ ತುಂಬ ಮೇಯ್ಲಿ.”