ಪಕ್ಕದ ಮಿಷನ್ನಿನಾಕೆ

ರಾಯದುರ್ಗದ ಜೀನ್ಸ್ ಶೆಡ್ಡಿನಲ್ಲಿ ಅವಳದು ನನ್ನ ಪಕ್ಕದ ಮಿಷನ್ನು. ಜೇಬು ಹೊಲಿಯುವುದು ಅವಳ ಕೆಲಸ. ದಾರ ತುಂಡಾದಾಗಲೆಲ್ಲ ತುದಿಯನ್ನು ನಾಲಗೆಗೆ ತಾಗಿಸಿ, ನೋಡದೆಯೇ ಸೂಜಿಗೆ ಪೋಣಿಸುತ್ತಿದ್ದಳು. ಯಾರು ಏನೆಂದರೂ "ಇರ್ಲಿ ಬಿಡ್ರಿ ಅಕ್ಕಾ" ಅನ್ನುವಳು.

ಬಸುರಿನ ಏಳನೇ ತಿಂಗಳಲ್ಲಿ ಅವಳ ಕಾಲು ಬಾತವು. ಆಸ್ಪತ್ರೆಯ ಸಿಸ್ಟರಮ್ಮ ಬಿಪಿ ನೋಡಿ, ಕೂಡಲೇ ಬಳ್ಳಾರಿಗೆ ಹೋಗೆಂದು ಚೀಟಿ ಬರೆದುಕೊಟ್ಟರು. ಅವಳು ಅದನ್ನು ನನಗೆ ತೋರಿಸಿ, "ಹೋಗ್ಲೇನ್ರಿ?" ಎಂದಳು.

ಎರಡು ಹೆತ್ತಿದ್ದ ನಾನು ಎಲ್ಲ ತಿಳಿದವಳಂತೆ, "ನಂಗೂ ಬಾತಿದ್ವು, ಏನೂ ಆಗಂಗಿಲ್ಲ. ಈ ವಾರದ ಲಾಟ್ ಮುಗಿಸಿ ಹೋಗು" ಎಂದೆ.

"ಇರ್ಲಿ ಬಿಡ್ರಿ" ಎಂದು ಅವಳು ಹೊಲಿಯಲು ಕೂತಳು.

ನಾಲ್ಕನೇ ದಿನ ತಲೆನೋವು, ಕಣ್ಣು ಮಂಜು ಎನ್ನುತ್ತಲೇ ಮಿಷನ್ನಿನ ಮೇಲೆ ಬಿದ್ದಳು. ಫಿಟ್ಸ್ ಬಂದಿತ್ತು. ಬಳ್ಳಾರಿಯಲ್ಲಿ ಹೊಟ್ಟೆ ಕೊಯ್ದು ಪುಟ್ಟ ಹೆಣ್ಣುಕೂಸನ್ನು ತೆಗೆದರು. ಇಬ್ಬರೂ ಉಳಿದರು.

ಮೂರು ವರ್ಷ ತುಂಬಿದರೂ ಮಗುವಿಗೆ ಮಾತಿಲ್ಲ, ಕರೆದರೆ ತಿರುಗುವುದಿಲ್ಲ. ಮಿದುಳಿನ ಬೆಳವಣಿಗೆ ಹಿಂದಿದೆ, ಬಸುರಿನಲ್ಲಿ ಏರಿದ ಬಿಪಿಯೂ ಕಾರಣವಿರಬಹುದು, ಖಚಿತವಾಗಿ ಹೇಳಲಾಗದು ಎಂದರಂತೆ ಡಾಕ್ಟರು. ಅವಳು ಮಗುವನ್ನು ಶೆಡ್ಡಿಗೇ ತರುತ್ತಿದ್ದಳು.

ಒಂದು ದಿನ ಧೈರ್ಯ ಮಾಡಿ, "ಅವತ್ತು ನಾ ಹಂಗ ಹೇಳಬಾರದಿತ್ತು" ಎಂದೆ.

ಅವಳು ಮಗುವಿನ ಜೊಲ್ಲು ಒರೆಸುತ್ತ, "ನೀವೇನು ಹೇಳಿದ್ರಿ? ನಂಗ ನೆನಪಿಲ್ರಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಳುವುದಕ್ಕಾದರೂ ಆಗುತ್ತಿತ್ತು.

ಮರುದಿನ ಮೇಸ್ತ್ರಿಯನ್ನು ಕೇಳಿಕೊಂಡು, ಮಗುವನ್ನೆತ್ತಿಕೊಂಡು, ಶೆಡ್ಡಿನ ಆ ತುದಿಯ ಮಿಷನ್ನಿಗೆ ಹೋಗಿ ಕೂತಳು.