ಅಂಚಿನಲ್ಲಿ ಓಡುವವಳು

ಅವಳು ನನ್ನ ಮೇಲೆ ತಪ್ಪು ಹೊರಿಸಿದ್ದು ಕ್ಷಮೆ ಕೇಳುತ್ತ. ಅದಕ್ಕೇ ಆ ಸಿಟ್ಟು ಬೇಗ ಆರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಸೊಂಟ ಬಗ್ಗಿಸಿ ನಿಂತವಳಿಗೆ ಏನು ಹೇಳುವುದು?

ನಾನು ಮೈಸೂರಿನವಳು. ಕಂಪನಿ ಕಳಿಸಿದ್ದಕ್ಕೆ ಜಪಾನಿಗೆ ಬಂದು, ವಾಕೋದಲ್ಲಿ ಗಂಡ, ಮಗಳ ಜೊತೆ ಮನೆ ಮಾಡಿಕೊಂಡು, ಮಿನಾಟೋದ ಆಫೀಸಿಗೆ ದಿನಾ ರೈಲಿನಲ್ಲಿ ನೇತಾಡಿಕೊಂಡು ಹೋಗಿ ಬರುತ್ತೇನೆ. ಮೂವತ್ತೈದು ದಾಟಿದ ಮೇಲೆ ನನಗೆ ಹತ್ತಿದ ಹುಚ್ಚು ಫ್ಲ್ಯಾಗ್ ಫುಟ್‌ಬಾಲ್. ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಅಮೆರಿಕದವರು ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಎಸೆದು ಆಡುತ್ತಾರಲ್ಲ, ಅದರದೇ ಸಾಧು ರೂಪ. ಇದರಲ್ಲಿ ಯಾರನ್ನೂ ಕೆಡವುವಂತಿಲ್ಲ. ಪ್ರತಿಯೊಬ್ಬರ ಸೊಂಟದ ಎರಡು ಪಕ್ಕಕ್ಕೂ ಒಂದೊಂದು ಬಟ್ಟೆಪಟ್ಟಿ ಜೋತಾಡುತ್ತಿರುತ್ತದೆ. ಚೆಂಡು ಹಿಡಿದವಳ ಪಟ್ಟಿ ಕಿತ್ತರೆ ಅವಳ ಓಟ ಅಲ್ಲಿಗೆ ಮುಗಿಯಿತು. ಕ್ವಾರ್ಟರ್‌ಬ್ಯಾಕ್ ಎಸೆಯುತ್ತಾಳೆ, ರಿಸೀವರ್‌ಗಳು ಓಡಿ ಹಿಡಿಯುತ್ತಾರೆ. ಆ ರಿಸೀವರ್‌ಗಳಲ್ಲಿ ಮೈದಾನದ ಅಂಚಿಗೆ ಹೋಗಿ ಒಬ್ಬಳೇ ನಿಲ್ಲುವವಳು ವೈಡ್ ರಿಸೀವರ್. ಉದ್ದನೆಯ ಎಸೆತಗಳೆಲ್ಲ ಅವಳಿಗೆ, ಹೆಸರೂ ಅವಳಿಗೆ.

ಭಾನುವಾರ ಬೆಳಿಗ್ಗೆ ಅರಾಕಾವಾ ನದಿಯ ದಂಡೆಯ ಮೈದಾನದಲ್ಲಿ ನಮ್ಮ ಹೆಂಗಸರ ತಂಡದ ಅಭ್ಯಾಸ. ತಂಡದ ವೈಡ್ ರಿಸೀವರ್ ನನಗಿಂತ ಸ್ವಲ್ಪ ದೊಡ್ಡವಳು, ವಿಮೆಯ ಆಫೀಸೊಂದರಲ್ಲಿ ಕೆಲಸ. ಎಲ್ಲರೂ ಅವಳನ್ನು ಸೆಂಪಾಯ್ ಎನ್ನುತ್ತಿದ್ದರು, ಎಂದರೆ ಹಿರಿಯಳು. ನಾನೂ ಹಾಗೆಯೇ ಕರೆಯುತ್ತಿದ್ದೆ. ಅವಳು ಮಾತ್ರ ನನ್ನನ್ನು ‘ಇಂದೋ-ಸಾನ್’ ಎನ್ನುತ್ತಿದ್ದಳು; ಇಂಡಿಯಾದವರೇ, ಅಂತ. ತಂಡದ ಉಳಿದವರೆಲ್ಲ ನನ್ನ ಹೆಸರು ಕಲಿತಿದ್ದರು. ಈಗ ಅವಳ ಬಗ್ಗೆ ಬರೆಯುವಾಗ ಬಹುವಚನ ಹಾಕಲು ನನ್ನ ಕೈ ಏಳುವುದಿಲ್ಲ.

ಎರಡು ವರ್ಷ ಬೆವರು ಸುರಿಸಿ ನಾನು ಒಳಗಿನ ರಿಸೀವರ್ ಜಾಗ ಹಿಡಿದಿದ್ದೆ. ಆ ವರ್ಷ ವಸಂತದ ಲೀಗಿನಲ್ಲಿ ಒಂದು ಪಂದ್ಯ ಕೊನೆಯ ಎಸೆತದವರೆಗೂ ಎಳೆಯಿತು. ಕೊನೆಯ ಗೆರೆಯಾಚೆಗೆ ಚೆಂಡು ಒಯ್ದು ಒಂದು ಟಚ್‌ಡೌನ್ ಮಾಡಿದರೆ ಗೆಲುವು. ಸೆಂಪಾಯ್ ಅಂಚಿನಲ್ಲಿ ನೇರ ಓಡಿ ಎದುರಾಳಿಗಳನ್ನು ತನ್ನ ಹಿಂದೆ ಎಳೆದುಕೊಂಡು ಹೋಗಬೇಕು, ನಾನು ಥಟ್ಟನೆ ನಡುವಿಗೆ ತಿರುಗಿ ಚೆಂಡು ಹಿಡಿಯಬೇಕು. ಕ್ವಾರ್ಟರ್‌ಬ್ಯಾಕ್ ಜಪಾನಿಯಲ್ಲಿ ಅದನ್ನು ಸ್ಪಷ್ಟವಾಗಿಯೇ ಹೇಳಿದಳು. ನಾನು ನಡುವಿಗೆ ತಿರುಗಿದೆ. ಚೆಂಡು ನನ್ನ ಎದೆಗೇ ಬರುತ್ತಿತ್ತು. ಅಷ್ಟರಲ್ಲಿ ಅಂಚಿನಲ್ಲಿರಬೇಕಾದ ಸೆಂಪಾಯ್ ನನ್ನ ಮುಂದೆ ಅಡ್ಡ ಬಂದಳು. ಗೆಲುವಿನ ಚೆಂಡು ತನಗೇ ಬೇಕಿತ್ತು ಅವಳಿಗೆ. ಅದು ಅವಳ ಮೊಣಕೈಗೆ ಬಡಿದು ಹುಲ್ಲಿಗೆ ಬಿತ್ತು.

ಪಂದ್ಯ ಮುಗಿದ ಮೇಲೆ ಎಲ್ಲರೂ ಸುತ್ತ ನಿಂತು, ಇವತ್ತು ನನ್ನಿಂದೇನು ತಪ್ಪಾಯಿತು ಎಂದು ಒಬ್ಬೊಬ್ಬರೇ ಹೇಳಿಕೊಳ್ಳುವುದು ಇಲ್ಲಿನ ಪದ್ಧತಿ. ಸೆಂಪಾಯ್ ಒಂದು ಹೆಜ್ಜೆ ಮುಂದೆ ಬಂದು ಆಳವಾಗಿ ಬಾಗಿ ಕ್ಷಮೆ ಕೇಳಿದಳು.

“ಸುಮಿಮಾಸೆನ್. ಇಂದೋ-ಸಾನ್‌ಗೆ ಆಟದ ಜಪಾನಿ ಇನ್ನೂ ಪೂರ್ತಿ ಅರ್ಥವಾಗುವುದಿಲ್ಲ. ನಿಧಾನವಾಗಿ ಹೇಳಿಕೊಡಬೇಕಾದವಳು ನಾನು. ಹೇಳಿಕೊಡಲಿಲ್ಲ. ಈ ಸೋಲು ನನ್ನದು.”

ಸುತ್ತಲಿದ್ದವರ ಕಣ್ಣುಗಳು ಒದ್ದೆಯಾದವು. ಇಲ್ಲ ಇಲ್ಲ, ನಿಮ್ಮ ತಪ್ಪಲ್ಲ, ಎಂದು ಯಾರೋ ಅವಳ ಬೆನ್ನು ಸವರಿದರು. ನಾನು ಬಾಯಿ ತೆರೆದೆ. ನನಗೆ ಒಂದೊಂದು ಪದವೂ ಅರ್ಥವಾಗಿತ್ತು ಎಂದು ಹೇಳಬೇಕಿತ್ತು. ಆದರೆ ಹಾಗೆ ಹೇಳಿದರೆ, ಎಲ್ಲರೆದುರು ಬಾಗಿ ನಿಂತ ಹಿರಿಯಳನ್ನು ಸುಳ್ಳಿ ಎಂದಂತಾಗುತ್ತಿತ್ತು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ನಾನೂ ಬಾಗಿದೆ. “ಸುಮಿಮಾಸೆನ್” ಎಂದೆ.

ಮುಂದಿನ ವಾರ ಕೋಚ್ ನನ್ನನ್ನು ಬದಲಿ ಆಟಗಾರ್ತಿಯರ ಸಾಲಿಗೆ ಹಾಕಿದರು. ಅವರು ಒಳ್ಳೆಯ ಮನುಷ್ಯ. ಅವತ್ತಿನಿಂದ ನನ್ನ ಜೊತೆ ಮಕ್ಕಳಿಗೆ ಹೇಳುವ ಜಪಾನಿಯಲ್ಲಿ, ಕೈಸನ್ನೆ ಮಾಡಿಕೊಂಡು, ಬಿಡಿಸಿ ಬಿಡಿಸಿ ಮಾತಾಡತೊಡಗಿದರು. ಅದು ಇನ್ನೂ ಉರಿಸಿತು. ಮನೆಗೆ ಬಂದು ಪಾತ್ರೆ ತೊಳೆಯುತ್ತ ನಿಂತಿದ್ದರೆ ಮಗಳು ಬಾಗಿಲಲ್ಲಿ ನಿಂತು, “ಅಮ್ಮಾ, ಕಾವೊ ಕೊವಾಯ್” ಅಂದಳು. ಅಮ್ಮಾ, ನಿನ್ನ ಮುಖ ನೋಡಿದ್ರೆ ಹೆದರಿಕೆ ಆಗತ್ತೆ, ಅಂತ.

ಮಳೆಗಾಲಕ್ಕೆ ಸ್ವಲ್ಪ ಮೊದಲು ಕನ್ನಡದವರೆಲ್ಲ ಒಂದು ಪಾರ್ಕಿನಲ್ಲಿ ಸೇರಿದ್ದೆವು. ಬುತ್ತಿ ಬಿಚ್ಚಿ ಕೂತಿದ್ದಾಗ ಮಕ್ಕಳು ಎಸೆದ ಚೆಂಡು ನಮ್ಮ ತಲೆಯ ಮೇಲಿಂದ ದಾಟಿ ಹೋಯಿತು. ಒಬ್ಬ ಹುಡುಗಿ ಚಿತ್ರಾನ್ನದ ತಟ್ಟೆ ಕೆಳಗಿಟ್ಟು, ಚೆಂಡಿಗೆ ಬೆನ್ನು ಹಾಕಿ ಓಡಿದಳು. ಓಡುತ್ತಲೇ ಒಮ್ಮೆ ಮಾತ್ರ ಭುಜದ ಮೇಲಿಂದ ನೋಡಿದಳು. ಕೈ ಚಾಚಿದಳು. ಚೆಂಡು ಅವಳ ಅಂಗೈಗೆ ಬಂದು ಕೂತಿತು. ಹಾಗೆ ಬೆನ್ನ ಹಿಂದಿನಿಂದ ಬರುವ ಚೆಂಡನ್ನು ಹಿಡಿಯಲು ನಾನು ವರ್ಷಗಟ್ಟಲೆ ಒದ್ದಾಡಿದ್ದೆ.

ಪಕ್ಕಕ್ಕೆ ಕರೆದು ಕೂರಿಸಿಕೊಂಡೆ. ಹಾಸನದವಳು. ವಾಕೋದ ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು.

“ಊರಲ್ಲಿ ಏನ್ ಆಡ್ತಿದ್ದೆ?”

“ಖೋ ಖೋ ಅಕ್ಕಾ. ಯೂನಿವರ್ಸಿಟಿ ಟೀಮಲ್ಲಿದ್ದೆ. ಇಲ್ಲಿ ಬಂದ್ಮೇಲೆ ಲ್ಯಾಬು, ರೂಮು, ಕೊಂಬಿನಿ, ಅಷ್ಟೇ ಲೈಫು.” ಕೊಂಬಿನಿ ಎಂದರೆ ಇಲ್ಲಿ ಹಗಲೂ ರಾತ್ರಿ ತೆರೆದಿರುವ ಚಿಕ್ಕ ಅಂಗಡಿ.

“ಸಂಡೇ ಫ್ರೀ ಇರ್ತೀಯಾ?”

“ಪ್ರೊಫೆಸರ್ ಬಿಟ್ರೆ ಫ್ರೀ.”

“ಬಿಡ್ತಾರೆ. ಬಾ.”

ಅವಳನ್ನು ನೇರವಾಗಿ ತಂಡಕ್ಕೆ ಕರೆದುಕೊಂಡು ಹೋಗಲಿಲ್ಲ. ಮೊದಲು ಬೇಸಿಗೆಯಿಡೀ, ಬಿಸಿಲೇರುವ ಮುಂಚೆ, ಮನೆಯ ಹತ್ತಿರದ ಪಾರ್ಕಿನಲ್ಲಿ ನಾನೇ ತಯಾರು ಮಾಡಿದೆ. ಖೋ ಖೋ ಆಡಿದವಳಿಗೆ ದಿಕ್ಕು ತಪ್ಪಿಸುವುದನ್ನು ಕಲಿಸಬೇಕಾಗಿಯೇ ಇರಲಿಲ್ಲ. ಭುಜ ಎಡಕ್ಕೆ ತೋರಿಸಿ ಕಾಲು ಬಲಕ್ಕೆ ಹಾಕುವುದು ಅವಳ ಮೈಯಲ್ಲೇ ಇತ್ತು. ಎಷ್ಟು ಓಡಿ ಎಲ್ಲಿ ತಿರುಗಬೇಕು, ಎಸೆಯುವವಳ ಭುಜ ನೋಡಿ ಚೆಂಡು ಎಲ್ಲಿಗೆ ಬರುತ್ತದೆಂದು ಹೇಗೆ ಊಹಿಸಬೇಕು, ಇಷ್ಟನ್ನೇ ನಾನು ಹೇಳಿಕೊಟ್ಟದ್ದು. ಅದರಲ್ಲೂ ಸೆಂಪಾಯ್‌ಗೆ ಯಾವ ಓಟಗಳು ಕಷ್ಟವೋ ಅವನ್ನೇ ಆರಿಸಿ ಆರಿಸಿ ಕಲಿಸಿದೆ. ಅವಳಿಗೆ ಎಡಕ್ಕೆ ತಿರುಗುವಾಗ ವೇಗ ಬೀಳುತ್ತಿತ್ತು. ಹುಡುಗಿಯನ್ನು ಎಡಕ್ಕೇ ತಿರುಗಿಸಿದೆ. ಸೆಂಪಾಯ್ ತಲೆಗಿಂತ ಎತ್ತರದ ಚೆಂಡಿಗೆ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದಳು. ಹುಡುಗಿಗೆ ಎತ್ತರದ ಚೆಂಡುಗಳನ್ನೇ ಎಸೆದೆ.

ಒಂದು ಬೆಳಿಗ್ಗೆ ಕೊಂಬಿನಿಯ ಮುಂದೆ ನಿಂತು, ನಾವಿಬ್ಬರೂ ಹುಳಿಕಾಯಿ ತುಂಬಿದ ಅನ್ನದುಂಡೆ ತಿನ್ನುತ್ತಿದ್ದೆವು.

“ಅಕ್ಕಾ, ಒಂದ್ ಕೇಳ್ಲಾ? ಬೇಜಾರ್ ಮಾಡ್ಕೋಬಾರ್ದು.”

“ಕೇಳು.”

“ಇಷ್ಟೆಲ್ಲಾ ಟ್ರೇನ್ ಮಾಡ್ತಿರೋದು ಟೀಮಿಗೋಸ್ಕರನಾ? ಇಲ್ಲಾ ಯಾರ್ ಮೇಲಾದ್ರೂ ಸಿಟ್ಟಿಗಾ?”

“ಯಾಕೆ ಹಾಗ್ ಕೇಳ್ತೀಯಾ?”

“ನಾನ್ ಕ್ಯಾಚ್ ಹಿಡಿದಾಗ ಎಲ್ರೂ ನಗ್ತಾರೆ. ನೀವ್ ಹಲ್ ಕಚ್ತೀರಾ.”

ನಡೆದದ್ದೆಲ್ಲ ಹೇಳಿಬಿಟ್ಟೆ. ಅವಳು ಪೂರ್ತಿ ಕೇಳಿ, ಪ್ಲಾಸ್ಟಿಕ್ ಕವರನ್ನು ಮಡಚಿ ಡಬ್ಬಕ್ಕೆ ಹಾಕಿದಳು.

“ನೋಡಿ ಅಕ್ಕಾ, ನಿಮ್ ಸಿಟ್ಟು ನಿಮ್ಮತ್ರಾನೇ ಇರ್ಲಿ. ನಂಗೆ ಆಟ ಬೇಕು. ಚೆನ್ನಾಗ್ ಆಡ್ತೀನಿ. ಅದ್ರಿಂದ ಅವ್ರ ಜಾಗ ಹೋದ್ರೆ ಹೋಗ್ಲಿ. ಆದ್ರೆ ನಿಮಗೋಸ್ಕರ ಅಂತ ನಾನ್ ಓಡಲ್ಲ.”

“ಓಡಬೇಡ. ನಿನಗೋಸ್ಕರಾನೇ ಓಡು. ನನಗೆ ಅಷ್ಟು ಸಾಕು,” ಅಂದೆ. ನಿಜವಾಗಿಯೂ ಸಾಕಾಗಿತ್ತು.

ಶರತ್ಕಾಲದ ಲೀಗಿಗೆ ಮೊದಲು ಅವಳನ್ನು ದಂಡೆಯ ಮೈದಾನಕ್ಕೆ ಕರೆದೊಯ್ದೆ. ಮೊದಲ ದಿನವೇ ಕೋಚ್ ಕೊರಳಿನ ಸೀಟಿ ಊದುವುದನ್ನು ಮರೆತು ನೋಡುತ್ತ ನಿಂತರು. ಮೊದಲು ಮೂರನೆಯ ರಿಸೀವರ್ ಮಾಡಿದರು. ಅಭ್ಯಾಸದ ಪಂದ್ಯಗಳಲ್ಲಿ ಕ್ವಾರ್ಟರ್‌ಬ್ಯಾಕ್ ಕಷ್ಟ ಬಂದಾಗಲೆಲ್ಲ ಅವಳ ಕಡೆಗೇ ಎಸೆಯತೊಡಗಿದಳು. ಸೆಂಪಾಯ್ ಅಂಚಿನಲ್ಲಿ ಓಡಿ, ಕೈಯೆತ್ತಿ, ಬರಿಗೈಯಲ್ಲಿ ವಾಪಸು ನಡೆದು ಬರುತ್ತಿದ್ದಳು. ಪ್ರತಿ ಸಲವೂ ನಾನು ಬೆಂಚಿನಿಂದ ಅವಳ ಮುಖವನ್ನೇ ನೋಡುತ್ತಿದ್ದೆ, ಚೆಂಡನ್ನಲ್ಲ. ಕೊನೆಗೊಂದು ಭಾನುವಾರ ಕೋಚ್ ಹುಡುಗಿಯನ್ನು ಅಂಚಿಗೆ ನಿಲ್ಲಿಸಿದರು. ಸೆಂಪಾಯ್‌ಗೆ ಬೆಂಚು.

ಒಳಗಿನ ಜಾಗ ನನಗೆ ವಾಪಸು ಬರುತ್ತದೆ ಎಂದುಕೊಂಡಿದ್ದೆ. ಜೊತೆಗೆ ಯಾರಿದ್ದರೆ ಅನುಕೂಲ ಎಂದು ಕೋಚ್ ಹುಡುಗಿಯನ್ನೇ ಕೇಳಿದರು. ಅವಳು ನನ್ನ ಮುಖ ನೋಡದೆ, ತಂಡದಲ್ಲಿದ್ದ ಶಾಲಾ ಟೀಚರೊಬ್ಬಳ ಕಡೆ ಬೆರಳು ತೋರಿಸಿದಳು. ಟೀಚರು ನನಗಿಂತ ಚಿಕ್ಕವಳು, ನನಗಿಂತ ಚುರುಕು. ವಾಪಸು ಹೋಗುವಾಗ ಹುಡುಗಿ ಸೈಕಲ್ ತಳ್ಳುತ್ತ, “ಬೇಜಾರಾಯ್ತಾ ಅಕ್ಕಾ?” ಅಂದಳು. ಆಗಿತ್ತು. ಆದರೂ, “ಸರಿಯಾಗೇ ಹೇಳ್ದೆ” ಅಂದೆ. ತನ್ನ ಒಂದು ಕಣ್ಣು ಹೋದರೂ ನೆರೆಮನೆಯವಳ ಎರಡು ಕಣ್ಣು ಹೋಗಲಿ ಎನ್ನುವ ಜನರ ಬಗ್ಗೆ ನಮ್ಮಜ್ಜಿ ಹೇಳುತ್ತಿದ್ದರು. ಅಂಥವರಿಗೆ ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ ಎನ್ನುವುದನ್ನು ಮಾತ್ರ ಅಜ್ಜಿ ಹೇಳಿರಲಿಲ್ಲ.

ಹೀಗೆ ಆ ಋತುವಿನಲ್ಲಿ ನಾನೂ ಸೆಂಪಾಯಿಯೂ ಒಂದೇ ಬೆಂಚಿನಲ್ಲಿ ಅಕ್ಕಪಕ್ಕ ಕೂತೆವು. ಅವಳಿಗೆ ಬೆಂಚಿನ ಅಭ್ಯಾಸವಿರಲಿಲ್ಲ. ಮೊಣಕಾಲು ಕುಣಿಸುತ್ತ, ಗ್ಲವ್ಸ್ ತೆಗೆಯುತ್ತ ಹಾಕುತ್ತ ಕೂರುತ್ತಿದ್ದಳು. ಮುನಿಸಿಗೋ ಏನೋ, ವಾರದ ಅಭ್ಯಾಸಕ್ಕೆ ಬರುವುದನ್ನೂ ಕಡಿಮೆ ಮಾಡಿದಳು. ಹೊಸ ಆಟಗಳನ್ನು, ಎಂದರೆ ಯಾರು ಎತ್ತ ಓಡಬೇಕೆಂಬ ತಂತ್ರಗಳನ್ನು, ಕೋಚ್ ಹೇಳಿಕೊಟ್ಟ ದಿನ ಅವಳಿರಲಿಲ್ಲ.

ನವೆಂಬರಿನ ಒಂದು ಪಂದ್ಯದಲ್ಲಿ ಟೀಚರಿಗೆ ಕಾಲು ಹಿಡಿದುಕೊಂಡಿತು. ಕೋಚ್ ಸೆಂಪಾಯಿಯನ್ನು ಒಳಗೆ ಕಳಿಸಿದರು. ಕ್ವಾರ್ಟರ್‌ಬ್ಯಾಕ್ ಹೊಸ ಆಟವೊಂದನ್ನು ಕೂಗಿದಳು. ಎಲ್ಲರೂ ಒಂದು ಕಡೆ ಓಡಿದರೆ ಸೆಂಪಾಯ್ ಇನ್ನೊಂದು ಕಡೆ ಓಡಿದಳು. ನಮ್ಮವರು ಯಾರೂ ಇಲ್ಲದ ಜಾಗಕ್ಕೆ ಚೆಂಡು ಹೋಯಿತು. ಬಿದ್ದಿದ್ದು ಎದುರಾಳಿಯ ಕೈಗೆ. ಆಮೇಲೆ ಹುಡುಗಿ ಅಂಚಿನಲ್ಲಿ ಹಾರಿ ಒಂದು ಟಚ್‌ಡೌನ್ ಹಿಡಿದಳು, ಹೇಗೋ ಗೆದ್ದೆವು.

ಸುತ್ತ ನಿಂತೆವು. ನನ್ನ ಸರದಿ ಬಂತು. ನಾನು ಆಡಿಯೇ ಇರಲಿಲ್ಲ, ಹೇಳಿಕೊಳ್ಳಲು ತಪ್ಪೂ ಇರಲಿಲ್ಲ. ಒಂದು ಹೆಜ್ಜೆ ಮುಂದೆ ಬಂದೆ. ಬೆನ್ನು ನೆಟ್ಟಗಿಟ್ಟು ಸೊಂಟ ಬಗ್ಗಿಸಿದೆ. ಕೈ ತೊಡೆಗೆ ಅಂಟಿಸಿದೆ.

“ಸುಮಿಮಾಸೆನ್. ಸೆಂಪಾಯ್‌ಗೆ ಹೊಸ ಆಟಗಳು ಅರ್ಥವಾಗಲು ಸ್ವಲ್ಪ ಸಮಯ ಬೇಕು. ಬೆಂಚಿನಲ್ಲಿ ಪಕ್ಕದಲ್ಲೇ ಇದ್ದವಳು ನಾನು. ನಿಧಾನವಾಗಿ, ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ. ಇದು ನನ್ನ ತಪ್ಪು.”

ಅತ್ಯಂತ ವಿನಯದ ಜಪಾನಿ. ರೈಲಿನಲ್ಲಿ ನಿಂತು ನಿಂತು ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿ ನೋಡಿಕೊಂಡ ವಾಕ್ಯಗಳು. ವಸಂತದ ಆ ದಿನ ಎಲ್ಲರಿಗೂ ಒಟ್ಟಿಗೇ ನೆನಪಾಯಿತು ಎಂದು ಕಾಣುತ್ತದೆ. ತಲೆ ಎತ್ತಿದಾಗ ಕ್ವಾರ್ಟರ್‌ಬ್ಯಾಕ್ ನೆಲ ನೋಡುತ್ತಿದ್ದಳು. ಸೆಂಪಾಯಿಯ ಕಿವಿಗಳು ಕೆಂಪಾಗಿದ್ದವು. ಅವಳ ಬೆನ್ನು ಸವರಲು ಯಾರ ಕೈಯೂ ಮುಂದೆ ಬರಲಿಲ್ಲ. ಅವಳು ಬಾಗಿದಳು. ನನಗಿಂತ ಕೆಳಗೆ ಬಾಗಬೇಕಾಯಿತು, ಬಾಗಿದಳು.

ಆಮೇಲೆ ಸೈಕಲ್ ನಿಲ್ಲಿಸುವ ಕಡೆ ನನಗಾಗಿ ಕಾಯುತ್ತಿದ್ದಳು.

“ಅವತ್ತು ನಿಮಗೆ ಎಲ್ಲಾ ಅರ್ಥವಾಗಿತ್ತು,” ಅಂದಳು.

“ಅರ್ಥವಾಗಿತ್ತು.”

“ನನಗೂ ಗೊತ್ತಿತ್ತು.”

ಕ್ಷಮೆ ಕೇಳುತ್ತಾಳೇನೋ ಎಂದು ಕಾದೆ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೇ ತಿಳಿಯದು. ಅವಳು ಕೇಳಲಿಲ್ಲ. ಹೆಲ್ಮೆಟ್ ಹಾಕಿಕೊಂಡು, “ನಿಮ್ಮ ಜಪಾನಿ ತುಂಬಾ ಚೆನ್ನಾಗಿದೆ,” ಅಂದಳು. ನಾನು “ಅರಿಗಾತೋ” ಎಂದು ಧನ್ಯವಾದ ಹೇಳಿದೆ. ಅವಳು ದಂಡೆಯ ದಾರಿಯಲ್ಲಿ ಹೊರಟುಹೋದಳು. ಋತು ಮುಗಿಯುವ ಮೊದಲೇ ತಂಡ ಬಿಟ್ಟಳು.

ಹುಡುಗಿ ಈಗ ಲೀಗಿನಲ್ಲಿ ಹೆಸರು ಮಾಡಿದ್ದಾಳೆ. ಎದುರಾಳಿಗಳು ಅವಳೊಬ್ಬಳಿಗೆ ಇಬ್ಬರನ್ನು ಕಾವಲಿಡುತ್ತಾರೆ, ಅದರಿಂದ ಟೀಚರಿಗೆ ಬೇಕಾದಷ್ಟು ಜಾಗ ಸಿಗುತ್ತದೆ. ರಿಸೀವರ್‌ಗಳ ಸಾಲಿನಲ್ಲಿ ನನಗಿನ್ನು ಜಾಗವಿಲ್ಲ ಎಂದು ಕೋಚ್ ಮಾಮೂಲಿ ಜಪಾನಿಯಲ್ಲೇ, ದೊಡ್ಡವರಿಗೆ ಹೇಳುವ ಹಾಗೆ ಹೇಳಿದರು. ನನ್ನನ್ನು ರಕ್ಷಣೆಯ ಕಡೆ ಹಾಕಿದರು. ಚೆಂಡು ಹಿಡಿಯುವವಳ ಬೆನ್ನು ಹತ್ತಿ ಪಟ್ಟಿ ಕೀಳುವ ಕೆಲಸ.

ಹೋದ ವಸಂತದಲ್ಲಿ ಸೆಂಪಾಯ್ ಬೇರೊಂದು ತಂಡದ ಪರವಾಗಿ ನಮ್ಮೆದುರು ಆಡಲು ಬಂದಳು. ಅಂಚಿನಲ್ಲಿ ನಿಂತಿದ್ದಳು. ಅವಳ ಎದುರು ಯಾರು ನಿಲ್ಲುತ್ತೀರಿ ಎಂದು ಕೋಚ್ ಕೇಳಿ ಮುಗಿಸುವ ಮೊದಲೇ ನಾನು ಹೋಗಿ ನಿಂತಿದ್ದೆ. ಮೊದಲ ಸಲ ನನ್ನನ್ನು ಸುಲಭವಾಗಿ ದಾಟಿ ಹೋದಳು. ಎರಡನೆಯ ಸಲ ಎಡಕ್ಕೆ ತಿರುಗಿದಳು. ಚೆಂಡು ಅವಳ ಕೈಗೆ ಬಂದದ್ದೂ, ನನ್ನ ಬೆರಳು ಅವಳ ಸೊಂಟದ ಪಟ್ಟಿಗೆ ಸಿಕ್ಕಿದ್ದೂ ಒಟ್ಟಿಗೆ. ಎಳೆದೆ. ಚಟ್ ಎಂದು ಬಂತು. ಅಂಪೈರ್‌ಗೆ ಕಾಣಲೆಂದು ಪಟ್ಟಿಯನ್ನು ತಲೆಯ ಮೇಲೆ ಎತ್ತಿ ಹಿಡಿದೆ. ಹಿಡಿಯಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಹಿಡಿದಿದ್ದೆ.

ಪಂದ್ಯ ನಾವೇ ಸೋತೆವು. ನೋಡಲು ಬಂದಿದ್ದ ಮಗಳು ದಾರಿಯುದ್ದಕ್ಕೂ ನನ್ನ ಮುಖ ನೋಡಿದಳು. ಸೋತರೂ ಯಾಕೆ ನಗುತ್ತಿದ್ದೀ ಎಂದು ಜಪಾನಿಯಲ್ಲಿ ಕೇಳಿದಳು.

“ಹಸಿವಾಗಿದ್ಯಾ? ಮನೇಲಿ ದೋಸೆ ಹಿಟ್ಟಿದೆ,” ಅಂದೆ.